ಕುತುಬ್ ತಾರೆಯೂ ಅಬ್ಬಾ ಎಳೆದ ದಾರವೂ

ಕತೆ ಬರೆಯುವವರಿಗೆ ರಾತ್ರಿ ನಿದ್ದೆಗೆಡುವುದು ಹೊಸದೇನಲ್ಲ. ಆದರೆ ಈಚಿನ ವರ್ಷಗಳಲ್ಲಿ ನಾವು ನಿದ್ದೆಗೆಡುತ್ತಿರುವುದು ಕತೆಗಾಗಿ ಅಲ್ಲ, ನಕ್ಷತ್ರಗಳಿಗಾಗಿ. ಈ ಹುಚ್ಚು ಹತ್ತಿಸಿದವನು ನಮ್ಮ ಅಣ್ಣನ ಮಗ. ಇಂಜಿನಿಯರಿಂಗ್ ಓದುವ ಹುಡುಗ. ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಹಳೆಯದೊಂದು ಟೆಲಿಸ್ಕೋಪು, ಅದನ್ನು ಕೂರಿಸುವ ಮೌಂಟು, ಯಾರೋ ಬಳಸಿ ಬಿಟ್ಟ ಕ್ಯಾಮರಾ ಇಷ್ಟನ್ನೂ ಕೊಂಡು ತಂದ. "ಚಾಚಾ, ರಾತ್ರಿ ಹೊತ್ತು ಒಬ್ಬನೇ ಹೊಲದ ಕಡೆ ಹೋಗಲು ಅಮ್ಮಿ ಬಿಡುವುದಿಲ್ಲ. ನೀವು ಜೊತೆಗೆ ಬಂದರೆ ಸಾಕು, ಸುಮ್ಮನೆ ಕುಳಿತಿರಿ" ಎಂದ. ಕಾವಲಿಗೆಂದು ಹೋದ ನಾವು ಕೊನೆಗೆ ಅವನಿಗಿಂತ ದೊಡ್ಡ ಹುಚ್ಚರಾದೆವು.

ನಮ್ಮದು ಕಲಬುರಗಿ. ಊರ ದೀಪಗಳ ಬೆಳಕಿನಿಂದ ತಪ್ಪಿಸಿಕೊಳ್ಳಲು ಆಳಂದ ರಸ್ತೆಯಲ್ಲಿ ಬಹುದೂರ ಹೋಗಿ, ಪರಿಚಿತರೊಬ್ಬರ ತೊಗರಿ ಹೊಲದ ಬದುವಿನ ಮೇಲೆ ಯಂತ್ರವನ್ನು ಇಳಿಸಿದೆವು. ನವೆಂಬರ್ ತಿಂಗಳ ಕೊನೆ. ಮೊದಲ ರಾತ್ರಿಯೇ ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ ತೆಗೆಯಬೇಕೆಂದು ಹುಡುಗನ ಆಸೆ. ಮೂರು ನಿಮಿಷ ಕ್ಯಾಮರಾದ ಕಣ್ಣು ತೆರೆದಿಟ್ಟ. ಚಿತ್ರ ಮೂಡಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಕ್ಷತ್ರಗಳೆಲ್ಲ ಚುಕ್ಕಿಯಾಗುವ ಬದಲು ಅಕ್ಕಿಕಾಳಿನಂತೆ ಉದ್ದಕ್ಕೆ ಎಳೆದುಕೊಂಡಿದ್ದವು. ನಡುವೆ ಇದ್ದ ಗ್ಯಾಲಕ್ಸಿ, ಒದ್ದೆ ಬಟ್ಟೆಯಿಂದ ಒರೆಸಿದ ಸೀಮೆಸುಣ್ಣದ ಗುರುತಿನಂತಿತ್ತು.

"ಪೋಲಾರ್ ಅಲೈನ್‌ಮೆಂಟ್ ಸರಿಯಾಗಿಲ್ಲ ಚಾಚಾ" ಎಂದ. ಆ ಮಾತು ನಾವು ಕೇಳಿದ್ದು ಅಂದೇ ಮೊದಲು. ಆಮೇಲೆ ಅದೊಂದೇ ಮಾತಿನ ಹಿಂದೆ ನಮ್ಮ ಎರಡು ಚಳಿಗಾಲಗಳು ಹೋದವು.

ವಿಷಯ ಸರಳ. ಆಕಾಶ ತಿರುಗುತ್ತಿರುವಂತೆ ಕಾಣುವುದು ಭೂಮಿ ತಿರುಗುವುದರಿಂದ. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅಂದರೆ ಗಂಟೆಗೆ ಸುಮಾರು 15 ಡಿಗ್ರಿ. ಕಣ್ಣಿಗೆ ಈ ಓಟ ಗೊತ್ತಾಗುವುದಿಲ್ಲ, ಆದರೆ ಟೆಲಿಸ್ಕೋಪಿನೊಳಗೆ ನೋಡಿದರೆ ನಕ್ಷತ್ರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಿಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕೆಂದರೆ ಭೂಮಿ ತಿರುಗುವ ವೇಗದಲ್ಲೇ ಟೆಲಿಸ್ಕೋಪನ್ನು ಎದುರು ದಿಕ್ಕಿಗೆ ತಿರುಗಿಸಬೇಕು. ಆ ಕೆಲಸವನ್ನು ಮೌಂಟಿನಲ್ಲಿರುವ ಸಣ್ಣ ಮೋಟಾರು ಮಾಡುತ್ತದೆ. ಆದರೆ ಒಂದು ಷರತ್ತು: ಮೌಂಟಿನ ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಭೂಮಿಯ ಅಕ್ಷ ಆಕಾಶದಲ್ಲಿ ಎಲ್ಲಿಗೆ ಗುರಿಯಿಟ್ಟಿದೆಯೋ ಅಲ್ಲಿಗೇ ಮೌಂಟಿನ ಅಕ್ಷವೂ ಗುರಿಯಿಡಬೇಕು. ಒಂದೇ ಒಂದು ಡಿಗ್ರಿ ತಪ್ಪಿದರೂ ನಕ್ಷತ್ರ ನಿಮಿಷಕ್ಕೆ 15 ಆರ್ಕ್ ಸೆಕೆಂಡಿನವರೆಗೂ ಜಾರಬಹುದು. ಮೂರು ನಿಮಿಷದ ಫೋಟೋದಲ್ಲಿ ಅದು ಗುರುಗ್ರಹದ ಬಿಂಬದಷ್ಟು ಅಗಲವಾಯಿತು. ನಮ್ಮ ಅಕ್ಕಿಕಾಳುಗಳ ಗುಟ್ಟು ಇದೇ.

ಭೂಮಿಯ ಅಕ್ಷ ಉತ್ತರದಲ್ಲಿ ಗುರಿಯಿಟ್ಟಿರುವ ಜಾಗದ ಹತ್ತಿರ ಧ್ರುವ ನಕ್ಷತ್ರವಿದೆ. ಕನ್ನಡ ಶಾಲೆಯಲ್ಲಿ ಧ್ರುವನ ಕತೆಯನ್ನು ಕೇಳಿದವರು ನಾವು. ತಂದೆಯ ತೊಡೆಯಿಂದ ಇಳಿಸಲ್ಪಟ್ಟ ಮಗು ತಪಸ್ಸು ಮಾಡಿ ಯಾರೂ ಕದಲಿಸಲಾಗದ ಜಾಗ ಪಡೆದ ಕತೆ. ಮನೆಗೆ ಬಂದರೆ ಅಬ್ಬಾನ ಬಾಯಲ್ಲಿ ಅದೇ ನಕ್ಷತ್ರ ಕುತುಬ್ ತಾರಾ. ಕುತುಬ್ ಎಂದರೇನು ಎಂದು ಉರ್ದು ಕಲಿಸುವ ಉಸ್ತಾದರನ್ನು ಒಮ್ಮೆ ಕೇಳಿದ್ದೆವು. ಅವರು ಬೀಸುವ ಕಲ್ಲನ್ನು ತೋರಿಸಿದರು. ಕೆಳಗಿನ ಕಲ್ಲಿನ ನಡುವೆ ನೆಟ್ಟಿರುವ ಗೂಟ, ಅದರ ಸುತ್ತ ಮೇಲಿನ ಕಲ್ಲು ತಿರುಗುತ್ತದಲ್ಲ, ಅರಬಿಯಲ್ಲಿ ಅದೇ ಕುತುಬ್ ಎಂದರು. ಸೂಫಿಗಳು ತಮ್ಮ ಕಾಲದ ಅತಿ ದೊಡ್ಡ ಸಂತನನ್ನು ಕುತುಬ್ ಎಂದು ಕರೆಯುವುದೂ ಇದೇ ಅರ್ಥದಲ್ಲಿ. ಖ್ವಾಜಾ ಬಂದೇನವಾಝರ ದರ್ಗಾ ಇರುವ ಊರಿನಲ್ಲಿ ಹುಟ್ಟಿದವರಿಗೆ ಆ ಶಬ್ದ ಹೊಸದಲ್ಲ, ಆದರೆ ಅದು ಅಡುಗೆಮನೆಯ ಕಲ್ಲಿನೊಳಗೂ ಇದೆ ಎಂದು ತಿಳಿದದ್ದು ಅಂದೇ.

ಈ ಗೂಟವನ್ನು ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ಮೊದಲನೆಯದು ಎತ್ತರ. ಧ್ರುವ ದಿಗಂತದಿಂದ ಎಷ್ಟು ಮೇಲಿರುತ್ತದೆ ಎನ್ನುವುದು ನಾವು ನಿಂತಿರುವ ಊರಿನ ಅಕ್ಷಾಂಶದಷ್ಟೇ. ಕಲಬುರಗಿಯ ಅಕ್ಷಾಂಶ 17 ಡಿಗ್ರಿ 20 ಮಿನಿಟು. ಲಂಡನ್ನಿನವರಿಗೆ ಧ್ರುವ 51 ಡಿಗ್ರಿ ಎತ್ತರದಲ್ಲಿ, ಅರ್ಧ ಆಕಾಶ ಏರಿ ಕುಳಿತಿರುತ್ತದೆ. ನಮಗೆ ಅದು ಬೇವಿನ ಮರದ ತುದಿಗೆ, ಪಕ್ಕದ ಮನೆಯ ನೀರಿನ ಟಾಕಿಗೆ ಮರೆಯಾಗಿಬಿಡುತ್ತದೆ. ಈ ಮೌಂಟುಗಳನ್ನು ಹೆಚ್ಚಾಗಿ ಅಂಥ ದೇಶಗಳವರ ಬಳಕೆ ನೋಡಿಕೊಂಡು ಮಾಡಿರುತ್ತಾರೆ. 17 ಡಿಗ್ರಿಗೆ ಇಳಿಸುವಷ್ಟರಲ್ಲಿ ನಮ್ಮದರ ಬೋಲ್ಟಿನ ಮರೆ ಮುಗಿಯುತ್ತ ಬಂದಿತ್ತು, ತೂಕದ ಸರಳು ಮುಂದಿನ ಕಾಲಿಗೆ ಬಡಿಯುತ್ತಿತ್ತು.

ಎರಡನೆಯದು ದಿಕ್ಕು. ದಿಕ್ಸೂಚಿ ತೋರಿಸುವುದು ಕಾಂತದ ಉತ್ತರವನ್ನು, ಭೂಮಿಯ ನಿಜವಾದ ಉತ್ತರವನ್ನಲ್ಲ. ನಮ್ಮ ಕಡೆ ಇವೆರಡರ ನಡುವಿನ ಅಂತರ ಕಡಿಮೆಯೇ, ಆದರೆ ಮೌಂಟಿನ ಕಬ್ಬಿಣದ ಹತ್ತಿರ ತಂದರೆ ಮುಳ್ಳು ತನಗೆ ಬೇಕಾದತ್ತ ತಿರುಗುತ್ತದೆ. ಹಾಗಾಗಿ ನಂಬಬೇಕಾದ್ದು ನಕ್ಷತ್ರವನ್ನೇ.

ಮೂರನೆಯದು ನಮ್ಮನ್ನು ಬೆರಗುಗೊಳಿಸಿದ ಸಂಗತಿ. ಕದಲದ ನಕ್ಷತ್ರ ಎಂದು ಎರಡೂ ಶಾಲೆಗಳಲ್ಲಿ ಕಲಿತಿದ್ದ ಧ್ರುವ, ನಿಜವಾದ ಧ್ರುವಬಿಂದುವಿನಲ್ಲಿ ಇಲ್ಲವೇ ಇಲ್ಲ! ಈಗ ಅದು ಸುಮಾರು 38 ಆರ್ಕ್ ಮಿನಿಟು ದೂರದಲ್ಲಿದೆ. ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ಹೆಚ್ಚು. ಅದೂ ಪಾಪ, ಎಲ್ಲರಂತೆ ದಿನಕ್ಕೊಂದು ಸುತ್ತು ಹಾಕುತ್ತದೆ, ಸುತ್ತು ಚಿಕ್ಕದಾದ್ದರಿಂದ ನಮಗೆ ಕಾಣುವುದಿಲ್ಲ, ಅಷ್ಟೇ. ಭೂಮಿಯ ಅಕ್ಷವೇ ಬುಗುರಿಯಂತೆ ಸುಮಾರು 26,000 ವರ್ಷಕ್ಕೊಮ್ಮೆ ತೊನೆಯುವುದರಿಂದ ಈ ದೂರವೂ ಬದಲಾಗುತ್ತ ಬಂದಿದೆ. ಸಾವಿರ ವರ್ಷಗಳ ಹಿಂದೆ ಇದೇ ನಕ್ಷತ್ರ ಧ್ರುವಬಿಂದುವಿನಿಂದ ಸುಮಾರು ಆರು ಡಿಗ್ರಿ ಆಚೆಗಿತ್ತು. 2100ರ ಸುಮಾರಿಗೆ ಅತಿ ಹತ್ತಿರ ಬಂದು ಮತ್ತೆ ದೂರ ಸರಿಯಲಾರಂಭಿಸುತ್ತದೆ. ಹನ್ನೆರಡು ಸಾವಿರ ವರ್ಷಗಳಾಚೆ ಆ ಮರ್ಯಾದೆಗೆ ಹತ್ತಿರ ಬರುವುದು ಅಭಿಜಿತ್ ನಕ್ಷತ್ರ. ಅದರ ಇಂಗ್ಲಿಷ್ ಹೆಸರು ವೇಗಾ, ಅರಬಿಯ 'ವಾಕಿಅ್' ಎಂಬ ಶಬ್ದದಿಂದ ಹುಟ್ಟಿದ್ದು. ಇಳಿದುಬರುವ ಹದ್ದು ಎಂದು ಅರಬರು ಅದನ್ನು ಕರೆದಿದ್ದರು.

ಹೀಗಾಗಿ ಧ್ರುವವನ್ನು ಗುರಿಯ ನಟ್ಟನಡುವೆ ಕೂರಿಸಿದರೆ ತಪ್ಪಾಗುತ್ತದೆ. ಮೌಂಟಿನ ಅಕ್ಷದೊಳಗೆ ಒಂದು ಸಣ್ಣ ದುರ್ಬೀನು ಇರುತ್ತದೆ. ಅದರ ಗಾಜಿನ ಮೇಲೆ ಗಡಿಯಾರದಂಥ ವೃತ್ತ, ನಡುವೆ ಅಡ್ಡಗೆರೆ. ಆ ದಿನ, ಆ ಹೊತ್ತಿಗೆ ಧ್ರುವ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕಿ (ಈಗ ಮೊಬೈಲೇ ಹೇಳುತ್ತದೆ) ವೃತ್ತದ ಮೇಲೆ ಆ ಗಂಟೆಯ ಜಾಗಕ್ಕೆ ಅದನ್ನು ತರಬೇಕು. ನಡುವಿನ ಖಾಲಿ ಜಾಗವೇ ನಿಜವಾದ ಕುತುಬ್. ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ.

ಎರಡನೆಯ ರಾತ್ರಿ ಇಷ್ಟನ್ನೂ ಮಾಡಿದೆವು. ಆದರೂ ಅಕ್ಕಿಕಾಳು. ಕಾರಣ ತಿಳಿಯದೆ ಒದ್ದಾಡುತ್ತಿರುವಾಗ ತೊಗರಿಯ ನಡುವಿನಿಂದ ಒಂದು ಬ್ಯಾಟರಿಯ ಬೆಳಕು ನೇರ ನಮ್ಮ ಮುಖದ ಮೇಲೆ ಬಿತ್ತು.

"ಯಾರ್ರೀ ಅದು? ಏನ್ ಮಾಡ್ಲಾಕತ್ತೀರಿ ಇಲ್ಲಿ?"

ಪಕ್ಕದ ಹೊಲದ ಮುದುಕ. ಕೈಯಲ್ಲಿ ಬಡಿಗೆ. ಅವರ ಹಿಂದೆ ಇನ್ನೂ ಇಬ್ಬರು. ಸತ್ಯ ಹೇಳಬೇಕೆಂದರೆ ಆ ಹೊತ್ತಿಗೆ ನಮ್ಮ ಎದೆ ಧಸಕ್ಕೆಂದಿತು. ಅಪರಾತ್ರಿ, ಊರ ಹೊರಗಿನ ಹೊಲ, ಮೂರು ಕಾಲಿನ ಯಂತ್ರ, ವೈರುಗಳು, ಬ್ಯಾಟರಿ. ಹೆಸರು ಕೇಳಿದರೆ ನಾವು ಹೇಳಬೇಕಾದ ಹೆಸರುಗಳು. ನಮ್ಮ ಕಾಲದಲ್ಲಿ ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವವರು ಎಂಥ ಉತ್ತರಕ್ಕೆ ಬರಬಹುದೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹುಡುಗನ ಕೈ ನಮ್ಮ ತೋಳನ್ನು ಹಿಡಿದುಕೊಂಡಿತ್ತು. ನಾವು ಹೆಸರು ಹೇಳಿದೆವು, ಹೊಲದ ಯಜಮಾನರ ಹೆಸರನ್ನೂ ಹೇಳಿದೆವು.

ಮುದುಕರಿಗೆ ಇದ್ದ ಅನುಮಾನ ಬೇರೆಯೇ. "ನಿಧಿ ತೆಗಿಲಾಕ ಬಂದೀರೇನ್ ಮತ್ತ?" ಎಂದರು. ಆ ಭಾಗದಲ್ಲಿ ಹಾಳು ಗುಡಿಗಳ ಹತ್ತಿರ ನಿಧಿಗಾಗಿ ಅಗೆಯುವವರ ಕಾಟವಿತ್ತಂತೆ. ನಮಗೆ ಎಷ್ಟು ಸಮಾಧಾನವಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆವು. ನಿಧಿ ಕಳ್ಳರೆನಿಸಿಕೊಂಡು ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ಶನಿಗ್ರಹದ ಉಂಗುರವನ್ನು ತೋರಿಸಿದ ಮೇಲೆ ಮೂವರೂ ಬದುವಿನ ಮೇಲೆ ಕುಳಿತರು. ನಮ್ಮ ತೊಂದರೆ ಕೇಳಿದ ಮುದುಕರು ಯಂತ್ರದ ಕಾಲನ್ನು ಬ್ಯಾಟರಿ ಹಿಡಿದು ನೋಡಿ, "ಸಾಹೇಬ್ರ, ಇದು ಎರಿಮಣ್ಣ ಅದರಿ. ಮ್ಯಾಲೆ ಒಣಗ್ಯದ, ಒಳಗ ಹಸಿ ಅದ. ನಿಮ್ಮ ಕಾಲು ಇಳಿಲಾಕತ್ತದ. ಬೀಸೋ ಕಲ್ಲಿನ ಗೂಟ ಅಳ್ಳಾಡಿದ್ರ ಹಿಟ್ಟು ಸಣ್ಣ ಹ್ಯಾಂಗ ಬರ್ತದ?" ಎಂದರು.

ಉಸ್ತಾದರ ಕುತುಬ್ ನಮ್ಮೆದುರು ಮತ್ತೊಮ್ಮೆ ಬಂದು ನಿಂತಿತ್ತು. ಎರಡು ಮೊಬೈಲು, ಒಂದು ಲ್ಯಾಪ್‌ಟಾಪು ಕಂಡುಹಿಡಿಯದ ತಪ್ಪನ್ನು ಒಂದು ಬ್ಯಾಟರಿ ಕಂಡುಹಿಡಿದಿತ್ತು. ಮಾರನೆಯ ವಾರ ಮೂರು ಶಹಾಬಾದ್ ಕಲ್ಲಿನ ತುಂಡುಗಳನ್ನು ಒಯ್ದು ಕಾಲುಗಳ ಕೆಳಗೆ ಹಾಸಿದೆವು. ಯಂತ್ರ ನಿಂತಿತು.

ಆ ನಂತರ ಇನ್ನೂ ಸೂಕ್ಷ್ಮವಾದ ವಿಧಾನವನ್ನು ಕಲಿತೆವು. ಇದಕ್ಕೆ ಧ್ರುವ ಕಾಣದಿದ್ದರೂ ನಡೆಯುತ್ತದೆ. ದಕ್ಷಿಣದ ಕಡೆ, ನೆತ್ತಿಗೆರೆಯ ಹತ್ತಿರ, ಆಕಾಶದ ಸಮಭಾಜಕದ ಮೇಲಿರುವ ಒಂದು ನಕ್ಷತ್ರವನ್ನು ಅಡ್ಡಗೆರೆಯ ಮೇಲೆ ಕೂರಿಸಿ ಕಾಯಬೇಕು. ಅದು ನಿಧಾನವಾಗಿ ದಕ್ಷಿಣಕ್ಕೆ ಜಾರಿದರೆ ನಮ್ಮ ಅಕ್ಷ ಪೂರ್ವಕ್ಕೆ ಸರಿದಿದೆ ಎಂದರ್ಥ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವ ದಿಗಂತದ ಮೇಲಿನ ಒಂದು ನಕ್ಷತ್ರ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಐದು ನಿಮಿಷ ಕಾಯುವುದು, ಮತ್ತೆ ತಿರುಗಿಸುವುದು. ತಪ್ಪು ಐದು ಆರ್ಕ್ ಮಿನಿಟಿನೊಳಗೆ ಬಂದರೆ ನಮ್ಮ ಚಿಕ್ಕ ಟೆಲಿಸ್ಕೋಪಿಗೆ ಅಷ್ಟು ಸಾಕು. ಹೀಗೆ ಒಂದೊಂದು ರಾತ್ರಿ ಇಶಾದ ನಂತರ ಕುಳಿತರೆ ನಡುರಾತ್ರಿಯವರೆಗೆ ಒಂದೂ ಫೋಟೋ ಇಲ್ಲ, ಬರೀ ಸರಿಪಡಿಸುವುದೇ.

ಕೊನೆಗೊಂದು ರಾತ್ರಿ ಆಂಡ್ರೊಮಿಡಾ ಸಿಕ್ಕಿತು. ನಕ್ಷತ್ರಗಳು ಸೂಜಿಮೊನೆಯ ಚುಕ್ಕಿಗಳು, ನಡುವೆ ಓರೆಯಾಗಿ ಮಲಗಿದ ಬೆಳಕಿನ ತಟ್ಟೆ. 25 ಲಕ್ಷ ಬೆಳಕಿನ ವರ್ಷಗಳ ದೂರದ್ದು. ಈ ಮಸುಕನ್ನು 964ರ ಸುಮಾರಿಗೆ ಅಬ್ದುರ್ರಹ್ಮಾನ್ ಅಲ್ ಸೂಫಿ ತನ್ನ ನಕ್ಷತ್ರಗಳ ಗ್ರಂಥದಲ್ಲಿ ಪುಟ್ಟ ಮೋಡವೆಂದು ದಾಖಲಿಸಿದ್ದ. ಅವನ ಬಳಿ ದುರ್ಬೀನೂ ಇರಲಿಲ್ಲ.

ಇದೆಲ್ಲ ಬೇರೆಯವರ ವಿದ್ಯೆ, ನಮ್ಮ ಊರಿಗೆ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಗುಲ್ಬರ್ಗದಿಂದ ಆಳಿದ ಫಿರೋಝ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿಯ ಘಟ್ಟದ ಮೇಲೆ ನಕ್ಷತ್ರ ವೀಕ್ಷಣಾಲಯವನ್ನು ಕಟ್ಟಿಸಲು ಹೊರಟಿದ್ದನೆಂದು ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾನೆ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಐನೂರು ವರ್ಷಗಳ ನಂತರ, ನಮ್ಮ ಜಿಲ್ಲೆ ನಿಝಾಮರ ರಾಜ್ಯದಲ್ಲಿದ್ದಾಗ, ನವಾಬ್ ಝಫರ್ ಜಂಗ್ ಎಂಬ ಶ್ರೀಮಂತರು 1901ರಲ್ಲಿ ಹೈದರಾಬಾದಿನಲ್ಲಿ ದೊಡ್ಡ ದುರ್ಬೀನು ತಂದು ವೀಕ್ಷಣಾಲಯ ಮಾಡಿದರು. 1908ರಲ್ಲಿ ಅದು ನಿಝಾಂ ಸರಕಾರದ ಕೈಗೆ ಬಂದು ನಿಝಾಮಿಯಾ ವೀಕ್ಷಣಾಲಯವಾಯಿತು. ಇಡೀ ಆಕಾಶದ ಫೋಟೋ ತೆಗೆಯುವ ಯೋಜನೆಯೊಂದು 1887ರಲ್ಲಿ ಪ್ಯಾರಿಸಿನಲ್ಲಿ ಶುರುವಾಗಿತ್ತು. ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡಾಗ ಹೈದರಾಬಾದಿಗೂ ಪಾಲು ಬಂತು. ಅಲ್ಲಿಯವರು ಗಾಜಿನ ಫಲಕಗಳ ಮೇಲೆ ಲಕ್ಷಾಂತರ ನಕ್ಷತ್ರಗಳ ಜಾಗ ಗುರುತಿಸಿದರು. ಆ ಗಾಜುಗಳ ಹಿಂದೆಯೂ ಯಾರೋ ಒಬ್ಬರು ಚಳಿಯಲ್ಲಿ ಕುಳಿತು ಅಕ್ಷದ ಬೋಲ್ಟು ತಿರುಗಿಸಿರಲೇಬೇಕು.

ಜಯಪುರಕ್ಕೆ ಹೋದವರು ಸವಾಯಿ ಜಯಸಿಂಹ ಕಟ್ಟಿಸಿದ ಸಮ್ರಾಟ್ ಯಂತ್ರವನ್ನು ನೋಡಿರುತ್ತೀರಿ. 27 ಮೀಟರ್ ಎತ್ತರದ, ಮೆಟ್ಟಿಲುಗಳ ಓರೆ ಗೋಡೆ. ಆ ಓರೆಯ ಕೋನ ಜಯಪುರದ ಅಕ್ಷಾಂಶದಷ್ಟೇ, ಸುಮಾರು 27 ಡಿಗ್ರಿ. ಗೋಡೆಯ ಏರು ನೇರವಾಗಿ ಆಕಾಶದ ಧ್ರುವಕ್ಕೆ ಗುರಿಯಿಟ್ಟಿದೆ. ನಾವು ಪ್ರತಿ ರಾತ್ರಿ ಬೋಲ್ಟು ತಿರುಗಿಸಿ ಮಾಡುವುದನ್ನು ಅವರು ಒಮ್ಮೆಲೇ ಕಲ್ಲು ಗಾರೆಯಲ್ಲಿ ಮಾಡಿ ಮುಗಿಸಿದ್ದಾರೆ. ಜಯಸಿಂಹ ತನ್ನ ಖಗೋಳ ಕೋಷ್ಟಕಗಳಿಗೆ ಮೊಗಲ್ ಬಾದಶಹ ಮುಹಮ್ಮದ್ ಷಾನ ಹೆಸರಿಟ್ಟ. ಕಟ್ಟಿಸಿದವನು ರಾಜ, ಆದರೆ ಓರೆಗೆ ದಾರ ಹಿಡಿದವರು ಗೌಂಡಿಗಳು. ಈ ಮಾತು ನಮಗೆ ಹೊಳೆಯಲು ಕಾರಣವಿದೆ. ನಮ್ಮ ಅಬ್ಬಾ ಗೌಂಡಿ.

ಈಗ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇವೆ.

ನಮ್ಮ ಮೊಹಲ್ಲಾದ ಮಸೀದಿ ಚಿಕ್ಕದು. ಮೊದಲು ತಗಡಿನ ಸೂರು ಇತ್ತು. 1974ರಲ್ಲಿ ಜಮಾಅತಿನವರು ಚಂದಾ ಎತ್ತಿ ಕಲ್ಲಿನ ಕಟ್ಟಡ ಕಟ್ಟಿದರು. ಆಗ ಅಬ್ಬಾ ಇನ್ನೂ ಮದುವೆಯಾಗದ ಹುಡುಗ. ಕೂಲಿ ತೆಗೆದುಕೊಳ್ಳದೆ ಕೆಲಸ ಮಾಡಿದರು. ಪಾಯದ ದಾರ ಎಳೆದವರು ಅವರೇ. ಆ ಮಸೀದಿಯಲ್ಲಿ ಐವತ್ತು ವರ್ಷ ಅವರು ಐದು ಹೊತ್ತು ನಿಂತಿದ್ದಾರೆ. ಅದೇ ನೆಲದ ಮೇಲೆ ನಾವು ನಮಾಝ್ ಕಲಿತೆವು. ನಮ್ಮ ಅಮ್ಮಿಯ ಜನಾಝಾ ನಮಾಝ್ ನಡೆದದ್ದು ಆ ಅಂಗಳದಲ್ಲೇ.

ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಕಿಬ್ಲಾ ತೋರಿಸುವ ಆ್ಯಪುಗಳು ಬಂದಮೇಲೆ ಹುಡುಗರ ನಡುವೆ ಗುಸುಗುಸು ಶುರುವಾಯಿತು. ಮಸೀದಿಯ ಕಿಬ್ಲಾ ತಪ್ಪಾಗಿದೆ ಎಂದು. ಒಬ್ಬ ಹುಡುಗ ಸಫಿನಲ್ಲಿ ಒಬ್ಬನೇ ಓರೆಯಾಗಿ ನಿಂತ. ಪಕ್ಕದವರು ಸರಿಯಾಗಿ ನಿಲ್ಲು ಎಂದರು. "ನಾನು ಸರಿಯಾಗಿದ್ದೇನೆ, ನೀವು ಓರೆ" ಎಂದ. ಹಿರಿಯರು ಸಿಟ್ಟಿಗೆದ್ದರು. ನಮ್ಮ ಬಾಪ್ ದಾದಾಗಳ ನಮಾಝ್ ಸುಳ್ಳೇ ಎಂದು ಕೇಳಿದರು. ಎರಡು ವಾರಗಳಲ್ಲಿ ಮಸೀದಿಯಲ್ಲಿ ಎರಡು ಪಂಗಡ. ಒಂದು ಜುಮಾದ ನಂತರ ಅಂಗಳದಲ್ಲಿ ತಳ್ಳಾಟವೂ ಆಯಿತು. ಹೊರಗಿನವರು ಮಾಡುವ ಗಾಯಗಳು ಸಾಲದೆಂಬಂತೆ ನಾವೇ ನಮ್ಮೊಳಗೆ ಗೆರೆ ಎಳೆದುಕೊಳ್ಳುವುದರಲ್ಲಿ ಎಷ್ಟು ಚುರುಕು! ಆ ಮೊಬೈಲುಗಳೋ, ಮಸೀದಿಯ ಸಿಮೆಂಟಿನೊಳಗಿನ ಕಬ್ಬಿಣದಿಂದಾಗಿ ಮೂರು ಮೂರು ದಿಕ್ಕು ತೋರಿಸುತ್ತಿದ್ದವು.

ಅಬ್ಬಾ ಯಾವ ಪಂಗಡಕ್ಕೂ ಸೇರಲಿಲ್ಲ. ಆದರೆ ಮಸೀದಿಯಿಂದ ಬಂದವರು ಮಾತಿಲ್ಲದೆ ಮಲಗುತ್ತಿದ್ದರು. ಒಂದು ರಾತ್ರಿ ನಾವು ಯಂತ್ರವನ್ನು ಹೊರಗೊಯ್ಯುವಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: "ಬೇಟಾ, ತುಮಾರೆ ದುರ್ಬೀನ್ ಸೆ ಉತ್ತರ ಬರಾಬರ್ ಮಾಲೂಮ್ ಹೋತಾ ನಾ?" ಹೌದು ಎಂದೆವು. "ತೋ ಮಸ್ಜಿದ್ ಕಾ ದೇಖೋ. ಕಿತ್ತಾ ಫರಖ್ ಹೈ ಬೋಲೋ." ಎಷ್ಟು ವ್ಯತ್ಯಾಸವಿದೆ ನೋಡಿ ಹೇಳು. ಬೇರೆ ಯಾರೇ ಕೇಳಿದ್ದರೂ ನಾವು ಈ ಜಗಳಕ್ಕೆ ಕೈ ಹಾಕುತ್ತಿರಲಿಲ್ಲ.

ಕಮಿಟಿಯವರ ಒಪ್ಪಿಗೆ ಪಡೆದು ಇಶಾದ ನಂತರ ಮಸೀದಿಯ ಮಾಳಿಗೆಯ ಮೇಲೆ ಮೌಂಟನ್ನು ಇಟ್ಟೆವು. ಎರಡೂ ಪಂಗಡದವರು ಬಂದು ನಿಂತಿದ್ದರು. ಧ್ರುವವನ್ನು ಅದರ ಗಂಟೆಯ ಜಾಗಕ್ಕೆ ತಂದು, ನಕ್ಷತ್ರ ಜಾರುವುದನ್ನು ನೋಡಿ ತಿದ್ದಿ, ಅಕ್ಷ ಸರಿಯಾಯಿತೆಂದು ಖಾತರಿಯಾದ ಮೇಲೆ ಅದರ ಹಿಂದಿನ ತುದಿ ಮುಂದಿನ ತುದಿಗಳ ನೇರಕ್ಕೆ ಎರಡು ಓಳಂಬ ಇಳಿಬಿಟ್ಟೆವು. ಓಳಂಬವೆಂದರೆ ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡುವ, ದಾರಕ್ಕೆ ಕಟ್ಟಿದ ತೂಕದ ಗುಂಡು. ಅಬ್ಬಾನದೇ ಹಳೆಯ ಓಳಂಬ. ಎರಡು ಗುಂಡುಗಳ ಕೆಳಗೆ ಸುಣ್ಣದ ಗೆರೆ ಎಳೆದೆವು. ಅದು ನಿಜವಾದ ಉತ್ತರ ದಕ್ಷಿಣ. ಅದನ್ನು ಮಸೀದಿಯ ಕಿಬ್ಲಾ ಗೋಡೆಗೆ ಹೋಲಿಸಿದೆವು. ಇಬ್ಬರು ಬೇರೆ ಬೇರೆಯಾಗಿ ಅಳೆದರು. ಗೋಡೆಗೂ ಆ ಗೆರೆಗೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿರಲಿಲ್ಲ.

ಅಂದರೆ ಮಸೀದಿ ನೇರ ಪಶ್ಚಿಮಕ್ಕೆ ಮುಖ ಮಾಡಿತ್ತು. ಹಿರಿಯರ ಕಡೆಯವರು ಸಂತೋಷದಿಂದ ಸದ್ದು ಮಾಡಿದರು. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಹಿಂದೂಸ್ತಾನದವರಿಗೆ ಕಿಬ್ಲಾ ಎಂದರೆ ಪಶ್ಚಿಮ ಎಂದು ರೂಢಿ. ಭೂಮಿ ಗುಂಡಗಿರುವುದರಿಂದ ಮಕ್ಕಾಕ್ಕೆ ಹೋಗುವ ಅತಿ ಹತ್ತಿರದ ದಾರಿ ಕಲಬುರಗಿಯಿಂದ ಹೊರಡುವುದು ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ ವಾಲಿ. ನೇರ ಪಶ್ಚಿಮಕ್ಕೆ ಹೊರಟು ಬಾಗದೆ ಹೋದರೆ ಯಮನ್ ದೇಶ ಸಿಗುತ್ತದೆ. ತನ್ನ ಊರಿನಿಂದ ಮಕ್ಕಾದ ದಿಕ್ಕು ಯಾವುದು ಎಂಬ ಈ ಲೆಕ್ಕಕ್ಕಾಗಿಯೇ ಅಲ್ ಬಿರೂನಿ ಸಾವಿರ ವರ್ಷಗಳ ಹಿಂದೆ ಗಝ್ನಿಯಲ್ಲಿ ಕುಳಿತು ಒಂದು ಗ್ರಂಥವನ್ನೇ ಬರೆದ.

ಲೆಕ್ಕವನ್ನು ನಂಬದವರಿಗೆ ಕಣ್ಣಿಗೆ ತೋರಿಸುವ ಉಪಾಯವೂ ಇದೆ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ. ಮೇ 27 ಅಥವಾ 28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 15 ಅಥವಾ 16ರಂದು 2 ಗಂಟೆ 57 ನಿಮಿಷಕ್ಕೆ. ಆ ಹೊತ್ತಿಗೆ ಸೂರ್ಯನ ಕಡೆ ಮುಖ ಮಾಡಿದವರು ಕಾಬಾದ ಕಡೆ ಮುಖ ಮಾಡಿದಂತೆಯೇ. ಜುಲೈಯಲ್ಲಿ ನಮಗೆ ಮೋಡ, ಮೇ ತಿಂಗಳ ಬಿಸಿಲು ಮಾತ್ರ ಕೈಕೊಡುವುದಿಲ್ಲ. ಮೇ 28ರಂದು ಕಲ್ಲು ಸುಡುವ ಅಂಗಳದಲ್ಲಿ ಓಳಂಬ ಇಳಿಬಿಟ್ಟೆವು. ನಿಗದಿಯ ನಿಮಿಷಕ್ಕೆ ದಾರದ ನೆರಳಿನ ಮೇಲೆ ಹುಡುಗನೇ ಗೆರೆ ಎಳೆದ. ಹತ್ತು ಅಡಿ ಉದ್ದಕ್ಕೆ ಆ ಗೆರೆ ಮಸೀದಿಯ ನೇರದಿಂದ ಎರಡೂಕಾಲು ಅಡಿ ಸರಿದಿತ್ತು. ಅದೇ 13 ಡಿಗ್ರಿ. ಇಂಥ ಬಿಸಿಲಿನಲ್ಲಿ ಜಗಳವಾಡಲು ಯಾರಿಗೂ ಶಕ್ತಿ ಇರಲಿಲ್ಲ.

ಕಮಿಟಿಯವರು ಆಲಿಮರೊಬ್ಬರನ್ನು ಕರೆಸಿದರು. ಅವರು ಎರಡು ಗೆರೆಗಳನ್ನೂ ನೋಡಿ ಹೇಳಿದರು: ಕಾಬಾವನ್ನು ಕಣ್ಣಾರೆ ಕಾಣುವವರು ಕಟ್ಟಡಕ್ಕೇ ಮುಖ ಮಾಡಬೇಕು. ದೂರದವರಿಗೆ ಅದರ ದಿಕ್ಕು ಸಾಕು. ನಮ್ಮ ಹನಫೀ ಫಿಕ್‌ಹಿನಲ್ಲಿ ಎಡಕ್ಕೋ ಬಲಕ್ಕೋ 45 ಡಿಗ್ರಿಯೊಳಗಿನ ವ್ಯತ್ಯಾಸದಿಂದ ನಮಾಝ್ ಕೆಡುವುದಿಲ್ಲ. ಇಲ್ಲಿಯವರೆಗೆ ಇಲ್ಲಿ ಓದಿದ ಒಂದು ನಮಾಝೂ ಕೆಟ್ಟಿಲ್ಲ. ಗೊತ್ತಾದ ಮೇಲೆ ಸಫ್ ಸರಿ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಅದಕ್ಕಾಗಿ ಹೊಡೆದಾಡಿದ ದಿನ ಮಾತ್ರ ನಿಮ್ಮ ಮುಖ ಯಾವ ಕಡೆ ಇತ್ತೋ ನನಗೆ ಗೊತ್ತಿಲ್ಲ.

ಅಂಗಳದಲ್ಲಿ ತಲೆ ಎತ್ತಿದವರಿರಲಿಲ್ಲ. ನಮಗೆ ಹೊಲದ ರಾತ್ರಿಗಳು ನೆನಪಾದವು. ನಮ್ಮ ಯಂತ್ರ ಹನ್ನೆರಡರಲ್ಲಿ ಒಂದು ಡಿಗ್ರಿಯ ತಪ್ಪನ್ನೂ ಕ್ಷಮಿಸಲು ಯೋಚಿಸುತ್ತದೆ. ನಮಾಝಿಗೆ 45 ಡಿಗ್ರಿಯ ಕ್ಷಮೆ ಇದೆ. ಎಲ್ಲಿ ಎಷ್ಟು ನಿಖರತೆ ಬೇಕೆಂದು ತಿಳಿಯದೆ, ಯಂತ್ರದ ನಿಷ್ಠುರತೆಯನ್ನು ಮನುಷ್ಯರ ಮೇಲೆ ಹೇರುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ತಪ್ಪೇ ಇಲ್ಲ ಎಂದು ಅಳೆಯಲು ಬಿಡದವರೂ ಅಷ್ಟೇ ಇದ್ದಾರೆ.

ಅಬ್ಬಾಗೆ ಮಾತ್ರ ನಾವೇ ಹೇಳಬೇಕಿತ್ತು. ಮನೆಯಲ್ಲಿ ಕೇಳಿದೆವು: "ಅಬ್ಬಾ, ಅಂದು ದಾರ ಹೇಗೆ ಎಳೆದಿರಿ?" ಸೂರ್ಯ ಮುಳುಗುವ ಜಾಗಕ್ಕೆ ಎಳೆಯೋಣ ಎಂದಿದ್ದರಂತೆ ಉಳಿದವರು. ಅಬ್ಬಾ ಬೇಡವೆಂದರಂತೆ. ಸೂರ್ಯ ಬೇಸಿಗೆಯಲ್ಲಿ ಒಂದು ಕಡೆ, ಚಳಿಗಾಲದಲ್ಲಿ ಒಂದು ಕಡೆ ಮುಳುಗುತ್ತಾನೆ ಎಂದು ಗೋಡೆ ಕಟ್ಟುವವರಿಗೆ ಗೊತ್ತು. ಕಲಬುರಗಿಯಲ್ಲಿ ಅದು ಪಶ್ಚಿಮದಿಂದ ಆಚೆಗೆ ಈಚೆಗೆ 24 ಡಿಗ್ರಿಗೂ ಹೆಚ್ಚು ಓಲಾಡುತ್ತದೆ. ಹಾಗಾಗಿ ರಾತ್ರಿ ಎರಡು ಬಿದಿರು ನೆಟ್ಟು, ಓಳಂಬ ಕಟ್ಟಿ, ಲಾಟೀನು ಆರಿಸಿ, ನೆಲಕ್ಕೆ ಮಲಗಿ ಎರಡು ದಾರಗಳೂ ಕುತುಬ್ ತಾರೆಯೂ ಒಂದೇ ನೇರಕ್ಕೆ ಬರುವಂತೆ ನೋಡಿದರಂತೆ. ಆ ಮೇಲೆ ಗುಣ್ಯಾ ಹಿಡಿದು ಪಶ್ಚಿಮಕ್ಕೆ ದಾರ.

ನಾವು ಎರಡು ಚಳಿಗಾಲ, ಮೋಟಾರು, ಮೊಬೈಲು ಹಿಡಿದು ಕಲಿತದ್ದನ್ನು ಅವರು ಎರಡು ಬಿದಿರಿನಲ್ಲಿ ಮಾಡಿದ್ದರು.

"ನಿಮ್ಮ ದಾರ ಒಂದು ಡಿಗ್ರಿಯೂ ತಪ್ಪಿಲ್ಲ ಅಬ್ಬಾ. ಪಶ್ಚಿಮವೇ ಕಿಬ್ಲಾ ಎಂದು ನಿಮಗೆ ಹೇಳಿದವರ ಲೆಕ್ಕದಲ್ಲಿ 13 ಡಿಗ್ರಿ ಹೆಚ್ಚುಕಡಿಮೆಯಾಗಿತ್ತು" ಎಂದೆವು. ಆಲಿಮರ ಮಾತನ್ನೂ ತಿಳಿಸಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಏಕ್ ಡಿಗ್ರಿ ಭೀ ಕ್ಯೋಂ ಆಯಾ?" ಎಂದರು. ಅದಾದರೂ ಯಾಕೆ ಬಂತು ಎನ್ನುವುದು ಅವರ ಚಿಂತೆ.

ಅವರನ್ನು ಮಾಳಿಗೆಗೆ ಕರೆದೊಯ್ದೆವು. ಪೊರೆ ತೆಗೆಸಿದ ಕಣ್ಣನ್ನು ಅಕ್ಷದ ಪುಟ್ಟ ದುರ್ಬೀನಿಗೆ ಇಟ್ಟು ನೋಡಿದರು. ವೃತ್ತದ ಅಂಚಿನಲ್ಲಿ ಧ್ರುವ, ನಡುವೆ ಖಾಲಿ.

"ಬೀಚ್ ಮೆ ನೈ ಹೈ" ಎಂದರು. ನಡುವೆ ಇಲ್ಲ.

"ಇಲ್ಲ ಅಬ್ಬಾ. ಕುತುಬ್ ಕೂಡ ಸ್ವಲ್ಪ ಆಚೆಗೇ ಇದೆ. 1974ರಲ್ಲಿ ಇನ್ನೂ ದೂರ ಇತ್ತು. ನಿಮ್ಮ ವ್ಯತ್ಯಾಸ ಅದರದು, ನಿಮ್ಮದಲ್ಲ."

ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. "ಗೌಂಡಿ ಕಾಮ್ ಮೆ ಇತ್ತಾ ಮಾಫ್" ಎಂದು ಮೆಲ್ಲಗೆ ನಕ್ಕರು.

ಮುಂದಿನ ಶುಕ್ರವಾರಕ್ಕೆ ಮೊದಲು ಮಸೀದಿಯ ಜಮಖಾನೆಗಳನ್ನು ಎತ್ತಿ ನೆಲದ ಮೇಲೆ ಹೊಸ ಗೆರೆಗಳನ್ನು ಹಾಕಿದರು. ಗೋಡೆಗೆ ಓರೆಯಾಗಿ. ಮೂಲೆಗಳಲ್ಲಿ ನಾಲ್ಕಾರು ಜನರ ಜಾಗ ಕಡಿಮೆಯಾಯಿತು. ಗೋಡೆ ಇದ್ದಂತೆಯೇ ಇದೆ. ದಾರದ ಒಂದು ತುದಿಯನ್ನು ಮೊದಲು ಓರೆ ನಿಂತಿದ್ದ ಆ ಹುಡುಗ ಹಿಡಿದಿದ್ದ. ಇನ್ನೊಂದು ತುದಿ ಅಬ್ಬಾನ ಕೈಯಲ್ಲಿತ್ತು.